ಮೀನಿಲ್ಲದ ಆರು ವಾರ

ಶನಿವಾರ, ಮಧ್ಯಾಹ್ನ ಮೂರು ಗಂಟೆ

ಮಗೂ,

ಈ ಕಾಗದದ ಮೇಲೆ ನಿನ್ನನ್ನು ಏನೆಂದು ಕರೆಯಬೇಕೋ ತಿಳಿಯದೆ ಎರಡು ಹಾಳೆ ಹರಿದು ಎಸೆದೆ. ಮೊದಲು 'ಪ್ರೀತಿಯ ಸೊಸೆಗೆ' ಎಂದು ಬರೆದೆ. ನೀನೂ ನನ್ನ ಮಗನೂ ಬೇರೆಯಾದ ಪತ್ರ ಸಹಿಯಾಗಿ ಬೀರುವಿನಲ್ಲಿ ಕೂತಿರುವಾಗ ಅದು ಸುಳ್ಳಾಗುತ್ತದೆ ಅನ್ನಿಸಿತು. ಆಮೇಲೆ ಬರೀ ಹೆಸರು ಬರೆದೆ. ಆರು ವರ್ಷದಲ್ಲಿ ಒಂದು ದಿನವಾದರೂ ನಿನ್ನನ್ನು ಹೆಸರು ಹಿಡಿದು ಕರೆದವಳೇ ನಾನು? ಬ್ಯಾಂಕಿನಿಂದ ಬರುವ ಕಾಗದದ ಹಾಗೆ ಕಂಡಿತು. ಕೊನೆಗೆ ಬಾಯಲ್ಲಿ ಇದ್ದದ್ದೇ ಕೈಗೂ ಬರಲಿ ಎಂದು ಹೀಗೆ ಹಾಕಿದ್ದೇನೆ. ಬೇಡವಾದರೆ ಹೊಡೆದು ಹಾಕು.

ನಾಳೆ ಬೆಳಿಗ್ಗೆ ಗಾಡಿ ಬರುತ್ತದೆ, ಮೀನಿನ ತೊಟ್ಟಿ ಕೊಟ್ಟು ಕಳಿಸಿ ಎಂದು ನನ್ನ ಮಗನಿಗೆ ಸಂದೇಶ ಹಾಕಿದ್ದೀಯಂತೆ. ಅವನು ಅದನ್ನು ಗುರುವಾರ ಕೆಲಸಕ್ಕೆ ಹೊರಡುವಾಗ, ಶೂಸಿನೊಳಗೆ ಒಂದು ಕಾಲು ತುರುಕುತ್ತ ಹೇಳಿದ. "ಅಮ್ಮಾ, ಭಾನುವಾರ ತೊಟ್ಟಿ ಹೋಗುತ್ತೆ. ಹಾಲ್‌ನಲ್ಲಿ ಜಾಗ ಖಾಲಿಯಾಗುತ್ತೆ, ಒಳ್ಳೇದಾಯ್ತು ಬಿಡು." ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವವನಿಗೆ ಯಾವ ಮಾತನ್ನು ಯಾವ ಮಹಡಿಯಲ್ಲಿ ನಿಲ್ಲಿಸಬೇಕು ಅನ್ನುವುದು ಮಾತ್ರ ಇವತ್ತಿಗೂ ಗೊತ್ತಿಲ್ಲ. ನಿನಗೆ ಹೊಸದೇನಲ್ಲ.

ತೊಟ್ಟಿ ನಿನ್ನದು. ತೆಗೆದುಕೊಂಡು ಹೋಗುವುದಕ್ಕೆ ನಿನಗೆ ಪೂರ್ತಿ ಹಕ್ಕಿದೆ. ಇಷ್ಟು ದಿನ ಜೊತೆಗೆ ಕೆಲಸ ಮಾಡುವವಳ ಕೋಣೆಯಲ್ಲಿ ಮಂಚ ಹಾಕಲೂ ಜಾಗವಿರಲಿಲ್ಲ, ಈಗ ಸ್ವಂತಕ್ಕೆ ಬಾಡಿಗೆ ಮನೆ ಸಿಕ್ಕಿದೆ ಎಂದು ಕೇಳಿ ಸಂತೋಷವಾಯಿತು. ನೀವಿಬ್ಬರೂ ಊಟದ ಮೇಜಿನ ಮೇಲೆ ಹಾಳೆ ಇಟ್ಟುಕೊಂಡು ಸಾಮಾನಿನ ಪಟ್ಟಿ ಮಾಡಿದ ದಿನ ನಾನು ಅಡುಗೆಮನೆಯಲ್ಲೇ ಇದ್ದೆ. ನಡುವೆ ಒಂದು ಗೆರೆ. ಬೀರು ಅವನಿಗೆ, ಹೊಲಿಗೆ ಯಂತ್ರ ನಿನಗೆ, ಮಿಕ್ಸಿ ಅವನಿಗೆ, ತೊಟ್ಟಿ ನಿನಗೆ. ಎಷ್ಟು ಮರ್ಯಾದೆಯಿಂದ ಮಾಡಿದಿರಿ! ಒಂದು ಏರು ದನಿ ಇಲ್ಲ. ಜಗಳವಾಡಿದ್ದರೆ ನಾನಾದರೂ ಮಧ್ಯೆ ಬಾಯಿ ಹಾಕಬಹುದಿತ್ತು. ನೀನು ಹೋದ ಮೇಲೆ ಆ ಹಾಳೆ ಎತ್ತಿಡುವಾಗ ಪೂರ್ತಿ ಓದಿದೆ. ನನ್ನನ್ನು ಎರಡು ಕಡೆಯಲ್ಲೂ ಬರೆದಿರಲಿಲ್ಲ. ನಗಬೇಡ, ನಿಜವಾಗಿಯೂ ಹುಡುಕಿದೆ.

ಇರಲಿ. ಈ ಕಾಗದ ಬರೆಯಲು ಕೂತದ್ದು ಅದಕ್ಕಲ್ಲ. ಮೀನಿನ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ನಿನಗೆ ಎಲ್ಲ ಗೊತ್ತಾಗುತ್ತದೆ. ನಿನ್ನ ಕಣ್ಣಿಗೆ ಮಣ್ಣೆರಚಲು ಆಗುವುದಿಲ್ಲ, ದಿನವಿಡೀ ಕನ್ನಡಕದ ಅಂಗಡಿಯಲ್ಲಿ ಕೂತು ಊರವರ ಕಣ್ಣು ಪರೀಕ್ಷೆ ಮಾಡುವವಳು ನೀನು. ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ನಿನ್ನ ಹನ್ನೊಂದು ಮೀನುಗಳಲ್ಲಿ ಒಂಬತ್ತು ಸತ್ತುಹೋದವು. ಕೊಂದವಳು ನಾನು.

ನೀನು ಹೊರಟುಹೋದ ಎರಡನೇ ವಾರ. ಫಿಲ್ಟರಿನಿಂದ ನೀರು ಸರಿಯಾಗಿ ಬೀಳುತ್ತಿರಲಿಲ್ಲ. ಬಿಚ್ಚಿ ನೋಡಿದರೆ ಒಳಗಿನ ಸ್ಪಂಜು ಕಂದು ಬಣ್ಣಕ್ಕೆ ತಿರುಗಿ, ಲೋಳೆ ಲೋಳೆಯಾಗಿ, ಹಿಂಡಿದರೆ ಕೆಸರು. ಮೂವತ್ತನಾಲ್ಕು ವರ್ಷ ಆಸ್ಪತ್ರೆಯಲ್ಲಿ ಆಪರೇಷನ್ ಸಾಮಾನು ಕುದಿಸಿ ಕೊಟ್ಟ ನರ್ಸಮ್ಮನ ಕೈಗೆ ಅಂಥದ್ದು ಸಿಕ್ಕರೆ ಬಿಡುತ್ತಾಳೆಯೇ? ದೊಡ್ಡ ಪಾತ್ರೆಯಲ್ಲಿ ನೀರಿಟ್ಟು, ಗಡಿಯಾರ ನೋಡಿಕೊಂಡು, ಇಪ್ಪತ್ತು ನಿಮಿಷ ಕುದಿಸಿದೆ. ಬಿಸಿಲಿನಲ್ಲಿ ಒಣಗಿಸಿದೆ. ಅಷ್ಟಕ್ಕೇ ನಿಲ್ಲದೆ ತೊಟ್ಟಿಯ ಹಳೇ ನೀರನ್ನೆಲ್ಲ ಚೆಲ್ಲಿ, ಗಾಜು ತಿಕ್ಕಿ, ಮರಳು ತೊಳೆದು, ಹೊಸ ನೀರು ತುಂಬಿಸಿದೆ. ಗಾಜು ಫಳಫಳ ಅನ್ನುತ್ತಿತ್ತು. ಮಗನನ್ನು ಕರೆದು "ನೋಡೋ, ಈಗ ಇದು ತೊಟ್ಟಿ!" ಎಂದೆ. ನೀನು ಇಷ್ಟು ವರ್ಷ ಅದನ್ನು ಗಲೀಜಾಗಿ ಇಟ್ಟುಕೊಂಡಿದ್ದೆ ಎಂದು ತೋರಿಸಿಕೊಡುವ ಆಸೆ ಅದರಲ್ಲಿ ಇತ್ತು. ಹೌದು, ಇತ್ತು. ನೀನು ಹೋಗಿಬಿಟ್ಟೆ ಅನ್ನುವ ಸಿಟ್ಟು, ಬೇರೆ ಯಾರ ಮೇಲೆ ತೀರಿಸಿಕೊಳ್ಳಲಿ?

ಮೂರನೇ ದಿನಕ್ಕೆ ನೀರು ಹಾಲಿನ ಹಾಗೆ ಬೆಳ್ಳಗಾಯಿತು. ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡತೊಡಗಿದವು. ಅಯ್ಯೋ, ನನ್ನ ಬುದ್ಧಿಗೆ ಏನು ಹೇಳಲಿ! ನಾನು ಹತ್ತಿರ ಹೋದರೆ ಗುರುತು ಹಿಡಿದು ಬರುತ್ತಿವೆ ಎಂದುಕೊಂಡೆ. ಆ ದಿನಗಳಲ್ಲಿ ಈ ಮನೆಯಲ್ಲಿ ನನ್ನ ಮುಖ ನೋಡಿ ಹತ್ತಿರ ಬಂದ ಜೀವ ಅವೇ. ಹಿಗ್ಗಿ ಹೋದೆ. ಹಸಿವಿರಬೇಕು ಎಂದು ಇನ್ನೂ ಒಂದು ಚಿಟಿಕೆ ಹಾಕಿದೆ, ಮತ್ತೊಂದು ಚಿಟಿಕೆ ಹಾಕಿದೆ. ಉಸಿರು ಸಿಗದೆ ಒದ್ದಾಡುತ್ತಿದ್ದವಕ್ಕೆ ಊಟ ಹಾಕಿದೆ. ವಾರ್ಡಿನಲ್ಲಿ ಯಾವ ರೋಗಿಯ ಉಸಿರು ಕೆಟ್ಟಿದ್ದರೂ ಬಾಗಿಲಿನಿಂದಲೇ ಹೇಳುತ್ತಿದ್ದವಳು ನಾನು.

ಐದನೇ ದಿನದ ಹೊತ್ತಿಗೆ ಒಂಬತ್ತು ಹೋದವು. ನೀನು ಹೆಡ್‌ಮೇಷ್ಟ್ರು ಎಂದು ಕರೆಯುತ್ತಿದ್ದೆಯಲ್ಲ, ಉಳಿದವನ್ನೆಲ್ಲ ಸಾಲಿಗೆ ಹಚ್ಚುತ್ತಿದ್ದ ದಪ್ಪ ತಲೆಯದು, ಅದೇ ಎಲ್ಲಕ್ಕಿಂತ ಮೊದಲು. ಬಾಲ್ಕನಿಯ ಕುಂಡದಲ್ಲಿ ಹೂತೆ. ಮಗನಿಗೆ ಹೇಳಲಿಲ್ಲ. ಹನ್ನೊಂದು ಇದ್ದದ್ದು ಎರಡಾದರೂ ಅವನಿಗೆ ಗೊತ್ತಾಗಲಿಲ್ಲ.

ಸತ್ತ ಮೀನೊಂದನ್ನು ಡಬ್ಬಿಯಲ್ಲಿ ಹಾಕಿಕೊಂಡು ನೀನು ಹೋಗುತ್ತಿದ್ದ ಸಾಕುಮೀನಿನ ಅಂಗಡಿಗೆ ಹೋದೆ. ಆ ಅಂಗಡಿಯಾಕೆಯ ನಾಲಿಗೆ ನಿನಗೆ ಗೊತ್ತೇ ಇದೆ. ನಾನು ಮಾಡಿದ್ದನ್ನೆಲ್ಲ ಕೇಳಿ, ತಲೆ ಚಚ್ಚಿಕೊಳ್ಳುವುದೊಂದು ಬಾಕಿ. "ಅಮ್ಮಾ, ನೀವು ಕುದಿಸಿದ್ದು ಕೊಳೆಯನ್ನಲ್ಲ, ಆ ನೀರಿನ ಜೀವಾನ! ಮೀನಿನ ಹೊಲಸನ್ನೆಲ್ಲ ತಿಂದು ಅರಗಿಸೋ ಕ್ರಿಮಿಗಳು ಆ ಸ್ಪಂಜಿನಲ್ಲೇ ಮನೆ ಮಾಡಿಕೊಂಡಿರ್ತವೆ. ತೊಟ್ಟಿಯ ಹಳೇ ನೀರಿನಲ್ಲೇ ಎರಡು ಸಲ ಹಿಂಡಿ ವಾಪಸ್ ಹಾಕಬೇಕಿತ್ತು, ಅಷ್ಟೇ" ಎಂದಳು. ಜೀವನ ಪೂರ್ತಿ ಕ್ರಿಮಿ ಕೊಲ್ಲುವುದೇ ಪುಣ್ಯ ಎಂದುಕೊಂಡವಳಿಗೆ ಅದು ಹೇಗೆ ತಲೆಗೆ ಹೋಗಬೇಕು ಹೇಳು? ಆದರೆ ಹೋಯಿತು. ತಲೆ ತಗ್ಗಿಸಿಕೊಂಡು ಮನೆಗೆ ಬಂದೆ.

ಆ ಸಂಜೆಯೇ ನೀನು ಫೋನ್ ಮಾಡಿದೆ. ಊಟ ಆಯಿತೇ, ಮಂಡಿನೋವು ಹೇಗಿದೆ ಎಂದೆಲ್ಲ ಕೇಳಿ, ಕೊನೆಗೆ ಮೀನು ಹೇಗಿವೆ ಅತ್ತೆ ಎಂದೆ. ಚೆನ್ನಾಗಿವೆ ಎಂದುಬಿಟ್ಟೆ. ಹೆಡ್‌ಮೇಷ್ಟ್ರ ಬಗ್ಗೆ ಕೇಳಿದೆ. ಅವನಿಗೇನು, ಗುಂಡುಕಲ್ಲಿನ ಹಾಗಿದ್ದಾನೆ ಎಂದೆ. ನೀನು ನಕ್ಕೆ. ಆಮೇಲೆ ನೀನು ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಫೋನನ್ನು ಕೈಯಲ್ಲಿ ಹಿಡಿದುಕೊಂಡು ಅದು ಸುಮ್ಮನಾಗುವವರೆಗೆ ನೋಡುತ್ತ ನಿಂತಿದ್ದೆ.

ಇದೇ ನಾನು ಹೇಳಬೇಕಾಗಿದ್ದದ್ದು. ಸಹಿ ಬಿದ್ದ ಮೇಲೆ ಮುದುಕಿಯೂ ಕೈ ತೊಳೆದುಕೊಂಡಳು, ಮಗನ ಕಡೆ ಸೇರಿಕೊಂಡಳು ಎಂದು ನೀನು ತಿಳಿದಿರಬೇಕು. ಯಾರಾದರೂ ಹಾಗೇ ತಿಳಿಯುತ್ತಾರೆ. ಹಾಗಲ್ಲ ಮಗೂ. ನಾನು ನಿನ್ನ ಮೀನು ಕೊಂದಿದ್ದೆ, ಅದನ್ನು ಹೇಳಲು ನನಗೆ ನಾಚಿಕೆಯಾಗಿತ್ತು, ಅಷ್ಟೇ. ಎರಡನೇ ಸಲ ಸುಳ್ಳು ಹೇಳಲು ಬಾಯಿ ಬರಲಿಲ್ಲ, ನಿಜ ಹೇಳಲು ಧೈರ್ಯ ಬರಲಿಲ್ಲ. ತೊಟ್ಟಿ ಸರಿಯಾಗಲಿ, ಆಮೇಲೆ ನಾನೇ ಮಾಡುತ್ತೇನೆ ಎಂದು ದಿನ ತಳ್ಳಿದೆ. ಅಷ್ಟರಲ್ಲಿ ನೀನು ಫೋನ್ ಮಾಡುವುದನ್ನೇ ನಿಲ್ಲಿಸಿದೆ.

ತೊಟ್ಟಿ ಸರಿಯಾಗಲು ಆರು ವಾರ ಹಿಡಿಯಿತು. ಉಳಿದ ಎರಡನ್ನು ಪ್ಲಾಸ್ಟಿಕ್ ಟಬ್ಬಿಗೆ ಹಾಕಿ, ದಿನಾ ಬೆಳಿಗ್ಗೆ ಅರ್ಧ ನೀರು ಬದಲಿಸುತ್ತಿದ್ದೆ. ತೊಟ್ಟಿಯಲ್ಲಿ ಬರೀ ನೀರು, ಗಿಡ. ಹೊಸ ನೀರಿನ ಹೊಡೆತಕ್ಕೆ ಮುಂದಿನ ಸಾಲಿನ ಗಿಡಗಳ ಎಲೆಯೆಲ್ಲ ಕೊಳೆತು ಉದುರಿದವು. ಕಿತ್ತು ಬಿಸಾಡಲು ಕೈ ಹಾಕಿದ್ದೆ. ಬೇರು ಗಟ್ಟಿಯಾಗಿದ್ದರೆ ಮುಟ್ಟಬೇಡಿ ಎಂದು ಅಂಗಡಿಯಾಕೆ ಗದರಿಸಿದ್ದು ನೆನಪಾಗಿ ಬಿಟ್ಟೆ. ಮೀನಿಲ್ಲದಿದ್ದರೂ ದಿನಾ ಒಂದು ಚಿಟಿಕೆ ಊಟ ಹಾಕಬೇಕಂತೆ. ಅದು ಕೊಳೆತರೇ ಆ ಕ್ರಿಮಿಗಳು ಹುಟ್ಟಿಕೊಳ್ಳುವುದು. ಹಾಕಿದೆ. ಮಗ ಒಂದು ದಿನ ನೋಡಿ "ಖಾಲಿ ನೀರಿಗೆ ಊಟ ಹಾಕ್ತಿದ್ದೀಯಾ ಅಮ್ಮಾ?" ಎಂದ. ನನಗೆ ಅರಳುಮರುಳು ಶುರುವಾಯಿತು ಎಂದೇ ಅವನ ಲೆಕ್ಕ.

ತೊಟ್ಟಿಯ ಪಕ್ಕದಲ್ಲಿ ಒಂದು ಚಾರ್ಟ್ ನೇತುಹಾಕಿದೆ. ರೋಗಿಯ ಹೆಸರು: ನೀರು. ಬಣ್ಣ, ವಾಸನೆ, ಉಷ್ಣ, ಬೆಳಿಗ್ಗೆ ಸಂಜೆ ಎರಡು ಹೊತ್ತು. ಕುರ್ಚಿ ಎಳೆದುಕೊಂಡು ಎದುರಿಗೆ ಕೂರುತ್ತಿದ್ದೆ. ನೀನು ಇಟ್ಟ ಸಮಯಕ್ಕೇ ಹತ್ತು ಗಂಟೆಗೆ ಅದರ ದೀಪ ತನ್ನಷ್ಟಕ್ಕೆ ಹತ್ತುತ್ತದೆ, ಐದಕ್ಕೆ ಆರುತ್ತದೆ. ಅಷ್ಟು ಹೊತ್ತು ನಾನು ಯಾರೊಬ್ಬರ ಜೊತೆಗೂ ಮಾತಾಡದ ದಿನಗಳಿದ್ದವು. ಮಗ ಏಳಕ್ಕೆ ಬರುತ್ತಾನೆ, ತಟ್ಟೆಯ ಪಕ್ಕ ಫೋನ್ ಇಟ್ಟುಕೊಂಡು ಉಣ್ಣುತ್ತಾನೆ, ಸಾಕಮ್ಮ ಎನ್ನುತ್ತಾನೆ. ಕೆಟ್ಟವನಲ್ಲ. ಅವನಿಗೂ ಸಂಕಟವಿದೆ, ಅದನ್ನು ಎಲ್ಲಿಡಬೇಕೋ ಗೊತ್ತಿಲ್ಲ. ಆದರೆ ಮಗೂ, ನೀನು ಅಂಗಡಿಯಿಂದ ಬಂದು, ಚಪ್ಪಲಿ ಬಿಡುವ ಮೊದಲೇ "ಅತ್ತೆ, ಇವತ್ತು ಒಬ್ಬರು ಬಂದಿದ್ದರು..." ಎಂದು ಶುರು ಮಾಡುತ್ತಿದ್ದೆಯಲ್ಲ, ಆಗ ನಾನು "ಮೊದಲು ಕೈಕಾಲು ತೊಳಿ" ಎಂದು ನಿನ್ನ ಬಾಯಿ ಮುಚ್ಚಿಸುತ್ತಿದ್ದೆ. ಎಷ್ಟು ಕಥೆಗಳು ಹಾಗೆ ಬಾಗಿಲಲ್ಲೇ ಉಳಿದವೋ. ಈಗ ಅವು ಬೇಕು ಅನ್ನಿಸುತ್ತದೆ. ನನಗೆ ತುಂಬ ಒಂಟಿ ಅನ್ನಿಸುತ್ತದೆ.

ಆರನೇ ವಾರ ಒಂದು ಬಾಟಲಿಯಲ್ಲಿ ನೀರು ತೆಗೆದುಕೊಂಡು ಹೋದೆ. ಅಂಗಡಿಯಾಕೆ ಅದಕ್ಕೆ ಯಾವುದೋ ಔಷಧಿಯ ಹನಿ ಬಿಟ್ಟು ಅಲುಗಿಸಿದಳು. ಹಸಿರಾದರೆ ಫೇಲು, ಹಳದಿಯೇ ಉಳಿದರೆ ಪಾಸು. ಹಳದಿಯೇ ಉಳಿಯಿತು. "ನರ್ಸಮ್ಮ ಪಾಸಾದರು" ಎಂದಳು. ಅಂಗಡಿಯಲ್ಲಿ ನಾಲ್ಕು ಜನರ ಎದುರು ನನ್ನ ಕಣ್ಣಲ್ಲಿ ನೀರು ಬಂತು ನೋಡು, ನಾಚಿಕೆಗೇಡು. ಹೊಸ ಮೀನುಗಳನ್ನು ಒಂದೇ ಸಲ ಬಿಡಲಿಲ್ಲ. ವಾರಕ್ಕೆ ಮೂರರಂತೆ ಮೂರು ವಾರ. ಈಗ ಮತ್ತೆ ಹನ್ನೊಂದಿವೆ. ಹೆಡ್‌ಮೇಷ್ಟ್ರ ಥರದ್ದೇ ಒಂದನ್ನು ಹುಡುಕಬಹುದಿತ್ತು, ಹುಡುಕಲಿಲ್ಲ. ಒಂದು ಮೋಸ ಸಾಕು. ನಿನ್ನವು ಯಾವ ಎರಡು ಎಂದು ನಾನು ಹೇಳುವುದಿಲ್ಲ, ನಿನಗೇ ಗೊತ್ತಾಗುತ್ತದೆ.

ಈಗ ಕೆಲಸದ ಮಾತು. ಮೀನುಗಳು ಮುಚ್ಚಳವಿರುವ ಎರಡು ಡಬ್ಬಿಗಳಲ್ಲಿ ಇರುತ್ತವೆ, ಅರ್ಧ ನೀರು, ಅರ್ಧ ಗಾಳಿ. ಇವತ್ತು ಬೆಳಿಗ್ಗೆಯಿಂದ ಊಟ ಹಾಕಿಲ್ಲ, ನೀನೂ ನಾಳೆ ಹಾಕಬೇಡ. ಗಿಡಗಳನ್ನು ಒದ್ದೆ ಪೇಪರಿನಲ್ಲಿ ಸುತ್ತಿದ್ದೇನೆ. ಮರದ ಬೇರಿಗೆ ದಾರದಲ್ಲಿ ಕಟ್ಟಿದ ಗಿಡವನ್ನು ಮಾತ್ರ ಬಿಡಿಸಿಲ್ಲ, ಅದು ಕಚ್ಚಿಕೊಂಡಿದೆ. ಸ್ಪಂಜು ತೊಟ್ಟಿಯ ನೀರಿನಲ್ಲೇ ಮುಳುಗಿದ ಹಾಗೆ ಬೇರೆ ಡಬ್ಬಿಯಲ್ಲಿರುತ್ತದೆ. ಕಂದು ಬಣ್ಣ, ಲೋಳೆ, ಎಲ್ಲ ಇದೆ. ನನ್ನ ಕೈಯಾರೆ ಬೆಳೆಸಿದ ಕೊಳೆ, ಜೋಪಾನ. ಸಂಜೆಯೊಳಗೆ ಜೋಡಿಸಿಬಿಡು, ಒಂದು ದಿನ ದೀಪ ಹಾಕಬೇಡ. ಇದನ್ನೆಲ್ಲ ನಿನಗೆ ಹೇಳಿಕೊಡುತ್ತಿದ್ದೇನೆ ನೋಡು! ನನಗೆ ಹೇಳಿಕೊಟ್ಟಿದ್ದರೆ ಒಂಬತ್ತು ಜೀವ ಉಳಿಯುತ್ತಿತ್ತು ಎಂದು ನೀನು ಅನ್ನಬಹುದು. ನೀನು ಹೇಳಲು ಬಂದಾಗಲೆಲ್ಲ ಮನೆಯೊಳಗೆ ಕೆಸರು ತಂದು ಇಟ್ಟಿದ್ದೀಯ ಎಂದು ಬೈದವಳು ನಾನು. ಅದನ್ನೂ ಹೊಟ್ಟೆಗೆ ಹಾಕಿಕೊ.

ಉತ್ತರ ಬರೆಯಬೇಕೆಂದಿಲ್ಲ. ಕಾಗದವನ್ನು ಡ್ರೈವರ್ ಕೈಲಿ ಕೊಡುತ್ತೇನೆ. ಹೊಸ ಮನೆಯಲ್ಲಿ ಚೆನ್ನಾಗಿರು, ಹೊತ್ತಿಗೆ ಸರಿಯಾಗಿ ಉಣ್ಣು.

ಬೇರೆ ಹೆಸರು ಗೊತ್ತಿಲ್ಲದ,
ನಿನ್ನ ಅತ್ತೆ

ತಾ. ಕ.: ಭಾನುವಾರ, ಹನ್ನೊಂದೂ ಕಾಲು. ಡ್ರೈವರ್‌ನ ಪೆನ್ನು ಇಸಿದುಕೊಂಡು ಮಂಡಿಯ ಮೇಲೆ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಮೀನಿನ ಡಬ್ಬಿ ಅಲುಗಾಡದಂತೆ ಯಾರಾದರೂ ಹಿಡಿದುಕೊಳ್ಳಬೇಕಂತೆ ಎಂದು ಮಗನಿಗೆ ಹೇಳಿ ಗಾಡಿ ಹತ್ತಿದೆ. ಸುಳ್ಳು. ಡ್ರೈವರ್ ಒಳ್ಳೆ ಗಟ್ಟಿ ಪೆಟ್ಟಿಗೆ ತಂದಿದ್ದ, ಡಬ್ಬಿಗಳು ಅದರಲ್ಲಿ ಅಲುಗದೆ ಕೂತಿವೆ. ಮಗ ನನ್ನ ಕಡೆಯ ಬಾಗಿಲು ಹಾಕಿ, ಸರಿಯಾಗಿ ಬಿತ್ತೇ ಎಂದು ಎರಡು ಸಲ ಎಳೆದು ನೋಡಿದ. ಎರಡು ಗಂಟೆ ದಾರಿ. ಈಗ ನಿನ್ನ ಕಟ್ಟಡದ ಕೆಳಗೆ, ರಸ್ತೆಯ ಆ ಬದಿಯಲ್ಲಿ, ಗಾಡಿಯ ಮುಂದಿನ ಸೀಟಿನಲ್ಲಿ ಕೂತಿದ್ದೇನೆ. ಮೊದಲು ಈ ಕಾಗದ ಕೊಟ್ಟು ಬಾ, ಸಾಮಾನು ಆಮೇಲೆ ಎಂದು ಡ್ರೈವರ್‌ಗೆ ಹೇಳಿದ್ದೇನೆ. ನಿನಗೆ ಇಳಿದು ಬರಲು ಮನಸ್ಸಿಲ್ಲದಿದ್ದರೆ ಬಲವಂತವಿಲ್ಲ. ಅವನು ಎಲ್ಲ ಮೇಲೆ ಸಾಗಿಸುವವರೆಗೆ ಕೂತಿದ್ದು, ಅದೇ ಗಾಡಿಯಲ್ಲಿ ವಾಪಸ್ ಹೋಗುತ್ತೇನೆ, ಬೇಜಾರು ಮಾಡಿಕೊಳ್ಳುವುದಿಲ್ಲ. ನಿನ್ನ ಮನೆ ಯಾವುದೋ ಗೊತ್ತಿಲ್ಲ, ಅದಕ್ಕೆ ಎಲ್ಲ ಕಿಟಕಿಗಳನ್ನೂ ನೋಡುತ್ತಿದ್ದೇನೆ.