ಅಂಗೈಯ ನಾಲ್ಕು ಸಾಲು

ಜನವರಿ 6

ಅತ್ತಿಗೆ ಇವತ್ತು ಹನ್ನೊಂದು ಸಾಲು ಹೆಣೆದರು. ಮೂರೂವರೆ ಗಂಟೆ. ಬಲಗೈಯದು 58 ಗಂಟೆ ತಿಂದಿತ್ತು, ಎಡಗೈಯದು ಈಗ ಅಂಗೈ ತನಕ. ಹೆಬ್ಬೆರಳಿಗೆ ಒಂದು ಮನೆ, ಉಳಿದ ನಾಲ್ಕಕ್ಕೂ ಸೇರಿ ಒಂದೇ. ನೂರು ವರ್ಷದ ಹಿಂದೆ ಏರ್ಕಾಡು ಬೆಟ್ಟದ ಚಳಿಗೆ ಯಾರೋ ಹೆಣೆದ ಉಣ್ಣೆಯ ಕೈಗವಸು. ಅದರ ನಕಲು ಮ್ಯೂಸಿಯಂಗೆ ಬೇಕು. ಆರ್ಡರ್ ಹಿಡಿದವನು ನಾನು, ಹೆಣೆಯುವವರು ಅತ್ತಿಗೆ.

ಹಳೆಯ ಗವಸಿನ ಫೋಟೋ ತೋರಿಸಿದರು. "ನೋಡ್ಲಾ ಧನಶೇಖರಾ, ಈ ನಾಕು ಸಾಲು ಉಲ್ಟಾ ಐತೆ. ಅಂಗೇ ಆಕ್ಲಾ?"

"ಸರಿ ಮಾಡಿ ಆಕಿ ಅತ್ತಿಗೆ."

ನಾವು ಮಗ್ಗದ ಮನೆಯವರು. ಒಂದು ಎಳೆ ತಪ್ಪಿದರೂ ನೇಕಾರರ ಸೊಸೈಟಿಯವರು ಸೀರೆ ವಾಪಸ್ ಎಸೆಯುತ್ತಾರೆ. ಗೊತ್ತಿದ್ದೂ ತಪ್ಪು ಹೆಣೆಯುವುದುಂಟೇ?

ಜನವರಿ 14

ಮುಗಿಯಿತು. ಎರಡೂ ಸೇರಿ 117 ಗಂಟೆ.

"ಗಾಜಿನ ಪಕ್ಕ ಕಾರ್ಡ್‌ನಾಗೆ ನನ್ ಎಸ್ರು ಆಕ್ತಾರೆ ತಾನೆ? ನಲವತ್ತು ವರ್ಸ ನೇಯ್ದೆ, ಒಂದು ಸೀರೆ ಮೇಲೂ ಸಿದ್ದಲಕ್ಷ್ಮಮ್ಮ ಅಂತ ಇಲ್ಲ."

"ಗ್ಯಾರಂಟಿ" ಎಂದೆ. ಈ ಮಾತು ನನ್ನ ಬಾಯಲ್ಲಿ ಬಲು ಸಲೀಸು.

ಜನವರಿ 19

ನಾನು ಕಳಿಸಿದ ಫೋಟೋ ನೋಡಿ ಮ್ಯೂಸಿಯಂನ ಜಯಪ್ರಿಯಾ ಮೇಡಂ ಫೋನ್. "ಎಡಗೈಯಲ್ಲಿ ಆ ತಪ್ಪು ಎಲ್ಲಿ ಸರ್? ತಪ್ಪೂ ಸೇರಿ ಹಾಗೇ ಬೇಕು ಅಂತ ಮೇಲ್‌ನಲ್ಲಿ ಬರೆದಿದ್ದೆನಲ್ಲ."

ಮೇಲ್ ಐದು ಪುಟ. ನಾನು ಓದಿದ್ದು ಎರಡು...

"ವಯಸ್ಸಾದವರು ಮೇಡಂ. ಹೇಳಿದ್ದೆ, ಕೇಳಲಿಲ್ಲ."

ಅಷ್ಟು ಸುಲಭವಾಗಿ ಬಂತು.

ಜನವರಿ 20

ಮೇಡಂ ಅವರ ಮೇಲ್ ಬಂದಿದೆ: ಎಡಗೈಯದನ್ನು ಬೇರೆಯವರಿಂದ ಸರಿಮಾಡಿಸಿ. ಹೇಳಿದ್ದನ್ನು ಕೇಳದವರ ಹೆಸರು ಕಾರ್ಡಿನಲ್ಲಿ ಬೇಡ.

ಜನವರಿ 27

ಆರು ದಿನ ಬರೆಯಲಿಲ್ಲ. ಬರೆದಿದ್ದರೆ ನಾನೇ ಓದಬೇಕಿತ್ತು.

ಅತ್ತಿಗೆಗೆ ಅರ್ಧ ಮಾತ್ರ ಹೇಳಿದೆ— ತಪ್ಪೂ ಬೇಕಂತೆ, ಬಿಚ್ಚಬೇಕು. ಬೈಯಲಿಲ್ಲ. ಬೆರಳ ಗೆಣ್ಣು ಊದಿದೆ, ಆದರೂ ಬಿಚ್ಚಲು ಕೂತರು. 34 ಗಂಟೆಯ ಕೆಲಸ, ಬಿಚ್ಚಲು ಇಪ್ಪತ್ತು ನಿಮಿಷ.

"ಸರಿ ಮಾಡು ಅಂದೋನು ನೀನೇ ಅಲ್ವಾ?"

"ಹೂಂ."

"ಆ ಯಮ್ಮಂಗೆ ಅಂಗೇ ಯೋಳಿದ್ಯಾ?"

ನೀರು ಕುಡಿಯುವ ನೆಪದಲ್ಲಿ ಎದ್ದೆ. ಬೆನ್ನ ಹಿಂದೆ ಅವರು ನಕ್ಕರು. "ಊರಿಗೆಲ್ಲ ಬಾಯಿ, ಮನೇಲಿ ಮೂಗ."

ಜನವರಿ 28, ಬೆಳಿಗ್ಗೆ 9.50

ಮ್ಯೂಸಿಯಂ ತೆರೆಯುವುದು ಹತ್ತಕ್ಕೆ. ಅತ್ತಿಗೆ ಎದುರಿಗೇ ಇದ್ದಾರೆ, ಬಿಚ್ಚಿದ ಉಣ್ಣೆ ಉಂಡೆ ಸುತ್ತುತ್ತ. ಸ್ಪೀಕರ್ ಹಾಕಿಯೇ ಮಾತಾಡುತ್ತೇನೆ. ಮೊದಲ ವಾಕ್ಯ ಬರೆದಿಟ್ಟುಕೊಳ್ಳುವುದು ಒಳ್ಳೆಯದು, ಇಲ್ಲವಾದರೆ ಬಾಯಿ ಮತ್ತೆ ತನ್ನ ದಾರಿ ಹಿಡಿಯುತ್ತದೆ.

ಮೇಡಂ, ಹಾಗೇ ಹಾಕಲಾ ಅಂತ ಅವರು ಕೇಳಿದ್ದರು. ಸರಿ ಮಾಡಿ ಅಂದವನು—