ಪಾಸ್ಟರರು ಮರೆತ ಚೀಲ

ಬಾಲಾನಗರ, ಶನಿವಾರ

ಪಾಸ್ಟರ್ ಜ್ಞಾನರಾಜ್ ಅವರಿಗೆ, ಕರ್ತನಲ್ಲಿ ವಂದನೆ.

ಅವ್ವನನ್ನು ಮಣ್ಣು ಮಾಡಿದ ದಿನ ನೀವು ನಮ್ಮ ಮನೆಯಲ್ಲಿ ಮರೆತ ಚೀಲ ಸಿಕ್ಕಿದೆ. ಒಳಗೆ ನಿಮ್ಮ ಹೆಸರಿನ ಡಾಕ್ಟರ ಚೀಟಿ, ಇನ್ಸುಲಿನ್ ಬಾಟಲಿ.

"ಸೂಜಿ ಚುಚ್ಚಿಕೊಂಡ್ರ ಕರ್ತನ ಮ್ಯಾಲ ವಿಶ್ವಾಸ ಇಲ್ಲಂತ ಅರ್ಥರೀ ಅವ್ವಾರ" ಎಂದು ಅವ್ವನ ಇನ್ಸುಲಿನ್ನನ್ನು ಸಭೆಯೆದುರು ಮೋರಿಗೆ ಸುರಿದವರು ನೀವೇ. ಅವ್ವ ಸತ್ತ ಮೇಲೆ ಬೈಬಲ್ ತೆರೆದು ನೋಡಿದೆ. ಹೊಟ್ಟೆಯ ಬೇನೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಪೌಲನೇ ತಿಮೊಥೆಯನಿಗೆ ಬರೆದಿದ್ದಾನೆ. ಅವನಿಗೂ ವಿಶ್ವಾಸ ಕಡಿಮೆಯಿತ್ತೇ?

ಚೀಲ ಗುಟ್ಟಾಗಿ ಕಳಿಸೆಂದು ಫೋನಿನಲ್ಲಿ ಹೇಳಿದಿರಿ. ನಾಳೆ ಆರಾಧನೆಯಲ್ಲಿ ಸಾಕ್ಷಿ ಹೇಳುವ ಹೊತ್ತಿಗೆ ಎಲ್ಲರೆದುರು ಕೊಡುತ್ತೇನೆ. ನಿಮ್ಮದೆಂದರೆ ಒಯ್ಯಿರಿ. ಅಲ್ಲವೆಂದರೆ ಅದೇ ಮೋರಿಗೆ ಕೈಯಾರೆ ಸುರಿಯಿರಿ. ಹೋದ ಸಲದಂತೆ ನಾನೇ ಮೊದಲು ಹಲ್ಲೆಲೂಯಾ ಅನ್ನುತ್ತೇನೆ.

ನಿಮ್ಮ ಸಭೆಯ ವಿಶ್ವಾಸಿ,
ಜೈಶೀಲಾ