ಎಡಗಾಲಿನ ಸುದ್ದಿ

ಆಸ್ಪತ್ರೆ, ಮೂರನೆಯ ಮಹಡಿ
ಮಾರ್ಚ್ 9, ಮಧ್ಯಾಹ್ನ

ಮಗನೇ, ನಿನಗೆ ಅಮ್ಮನ ಆಶೀರ್ವಾದ.

ಹೇಗಿದ್ದೀಯಪ್ಪ? ಹಡಗಿನ ಎಂಜಿನ್ ಕೋಣೆಯ ಸೆಕೆಗೆ ಎದ್ದಿದ್ದ ಬೆವರುಗುಳ್ಳೆ ಕಡಿಮೆಯಾಯಿತೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ ಅನ್ನುವ ನಿನ್ನ ಮಾತನ್ನು ನಾನಂತೂ ನಂಬುವುದಿಲ್ಲ. ನಿನ್ನ ಹೆಂಡತಿಗೆ ಬೆನ್ನುನೋವು ಅಂತಷ್ಟೇ ಫೋನಿನಲ್ಲಿ ಹೇಳಿದ್ದೆ. ಅವಳು ಪಕ್ಕದಲ್ಲೇ ಇರುವಾಗ ಇನ್ನೇನು ಹೇಳಲಿ? ಈಗ ಪೂರ್ತಿ ಬರೆಯುತ್ತೇನೆ, ಕೂತುಕೊಂಡು ಓದು.

ನಾಲ್ಕು ತಿಂಗಳಿಂದ ಅವಳು ಹೊಲಿಗೆ ಯಂತ್ರ ತುಳಿದರೆ ಹೊಲಿಗೆಯೆಲ್ಲ ಸೊಟ್ಟ. ಮಲಗಿದರೆ ಬೆನ್ನು ಇನ್ನೂ ನೋಯುತ್ತದೆ ಅಂತ ಕೂತೇ ನಿದ್ದೆ ಮಾಡುವಳು. ಮಲಗಿದರೆ ನೋಯುವ ಬೆನ್ನು ಎಲ್ಲಾದರೂ ಉಂಟೆ? ಒಂದು ದಿನ ನಮ್ಮ ಹೊಲಿಗೆ ಅಂಗಡಿಯಿಂದ ಬರುವಾಗ ಎಡಗಾಲಿನ ಚಪ್ಪಲಿ ದಾರಿಯಲ್ಲೇ ಕಳಚಿಬಿದ್ದರೂ ಗೊತ್ತಾಗಲಿಲ್ಲವಂತೆ. ಕೆಲಸ ತಪ್ಪಿಸಲು ಹೂಡಿದ ಆಟ ಅಂತ ನನಗೆ ಗುಮಾನಿ. ಗಿರಾಕಿಗಳ ಎದುರಿಗೇ "ಕುಣಿಯಲಾರದವಳಿಗೆ ನೆಲ ಡೊಂಕು. ಸಾಕು ಮಾಡು ನಿನ್ನ ನಾಟಕ" ಅಂದುಬಿಟ್ಟೆ. ಅವಳು ತಲೆ ತಗ್ಗಿಸಿಕೊಂಡು ಹೊಲಿಗೆ ಬಿಚ್ಚಿದಳು. ಹೋದ ತಿಂಗಳು ಇಸ್ತ್ರಿಪೆಟ್ಟಿಗೆ ಜಾರಿ ಅವಳ ಎಡಪಾದಕ್ಕೆ ಒರಗಿತು. ಚರ್ಮ ಸುಟ್ಟ ವಾಸನೆ ನನ್ನ ಮೂಗಿಗೆ ಬಡಿಯಿತು, ಅವಳು ಮಾತ್ರ ಕಾಜಾ ಹಾಕುತ್ತಲೇ ಇದ್ದಳು. ಇಷ್ಟು ಚೆನ್ನಾಗಿ ನಾಟಕವಾಡಲು ಯಾರಿಗೂ ಬರುವುದಿಲ್ಲ ಮಗನೇ. ಅವತ್ತೇ ಆಸ್ಪತ್ರೆಗೆ ಕರೆತಂದೆ.

ಇಲ್ಲಿ ಕೊಳವೆಯಂಥ ಯಂತ್ರದೊಳಗೆ ಮಲಗಿಸಿ ಸ್ಕ್ಯಾನ್ ಮಾಡಿದರು. ನರವೊಂದರ ಹೊದಿಕೆಯಲ್ಲಿ ಗೆಡ್ಡೆ ಬೆಳೆದು ಬೆನ್ನುಹುರಿಯನ್ನು ಒತ್ತುತ್ತಿದೆ, ಕ್ಯಾನ್ಸರ್ ಇರಲಾರದು, ಆದರೆ ತೆಗೆಯದಿದ್ದರೆ ಕಾಲು ಹೋಗುತ್ತದೆ ಅಂದರು ಡಾಕ್ಟರಮ್ಮ. ಕ್ಯಾನ್ಸರ್ ಅಲ್ಲದ್ದಕ್ಕೆ ಬೆನ್ನು ಯಾಕೆ ಕೊಯ್ಯಬೇಕು? ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ಇನ್ನೊಬ್ಬ ಡಾಕ್ಟರಿಗೂ ಚಿತ್ರ ತೋರಿಸಿದೆ. ಅವರೂ ಅದನ್ನೇ ಹೇಳಿದರು. ಇಬ್ಬರೂ ಮಾತಾಡಿಕೊಂಡಿರಬಹುದು ಅಂತಲೂ ಅನ್ನಿಸಿತು. "ಕೋಟಿನ ಲೈನಿಂಗ್ ಬಿಚ್ಚುವಾಗ ನನ್ನ ಕೈಯಲ್ಲೇ ಬಟ್ಟೆ ಹರಿದದ್ದುಂಟು, ನಿಮ್ಮ ಕೈ ಹೇಗೆ?" ಅಂತ ಡಾಕ್ಟರಮ್ಮನನ್ನು ಕೇಳಿಯೇಬಿಟ್ಟೆ. ಆಯಮ್ಮ ನಗಲಿಲ್ಲ. "ನಾನು ಭೂತಗನ್ನಡಿ ಇಟ್ಕೊಂಡೇ ಬಿಚ್ಚೋದಮ್ಮ" ಅಂದರು.

ಆಪರೇಷನ್ ಆಗಿ ಆರು ದಿನವಾಯಿತು. ಐದು ಗಂಟೆ ಹಿಡಿಯಿತು. ಕೋಟಿನ ಗುಂಡಿಯಷ್ಟಿದ್ದ ಗೆಡ್ಡೆ ಪೂರ್ತಿ ಬಂತಂತೆ, ಪರೀಕ್ಷೆಯಲ್ಲೂ ಕ್ಯಾನ್ಸರ್ ಇಲ್ಲವಂತೆ. ಎಲ್ಲ ಅಂತೆಕಂತೆ. ಪಟ್ಟಿ ಬದಲಿಸುವಾಗ ಬಗ್ಗಿ ನೋಡಿದೆ: ಹದಿನಾಲ್ಕು ಹೊಲಿಗೆ, ಒಂದೂ ಸೊಟ್ಟ ಇಲ್ಲ. ಅದೊಂದನ್ನು ನಂಬುತ್ತೇನೆ. ಆದರೆ ಎಡಪಾದಕ್ಕೆ ಇನ್ನೂ ಮುಟ್ಟಿದ್ದು ತಿಳಿಯುತ್ತಿಲ್ಲ. ನಿಧಾನಕ್ಕೆ ಬರುತ್ತದೆ ಅಂತ ಎಲ್ಲರೂ ನಗುನಗುತ್ತ ಹೇಳುತ್ತಾರೆ, ಆ ನಗು ಕಂಡರೇ ನನಗೆ ಭಯ. ಇವಳೂ "ಪರವಾಗಿಲ್ಲ ಅತ್ತೆ" ಅನ್ನುತ್ತಾಳೆ. ನನಗೆ ಹೆದರಿ ಹಾಗನ್ನುತ್ತಾಳೋ ಏನೋ.

ಮೈ ಕಡೆ ಜೋಪಾನ. ನಿನ್ನ ಜೊತೆಯವರಿಗೆಲ್ಲ ನಾನು ಕೇಳಿದೆ ಅಂತ ಹೇಳು.

ಇಂತಿ,
ನಿನ್ನ ಅನುಮಾನದ ಅಮ್ಮ

ತಾ.ಕ.: ಕಾಗದ ಮಡಿಸುವ ಮುಂಚೆ ಮನಸ್ಸು ತಡೆಯಲಿಲ್ಲ. ಅವಳು ಕಣ್ಣು ಮುಚ್ಚಿದ್ದಾಗ ಚೀಲದಿಂದ ಗುಂಡುಸೂಜಿ ತೆಗೆದು ಎಡ ಅಂಗಾಲಿಗೆ ಮೆಲ್ಲಗೆ ಒತ್ತಿದೆ. ಕಾಲು ಚಟ್ಟನೆ ಹಿಂದೆ ಸರಿಯಿತು. ಕಣ್ಣು ತೆರೆಯದೆಯೇ ಅವಳು, "ನಾಟಕ ಅಲ್ಲ ಅತ್ತೆ, ನಿಜವಾಗ್ಲೂ ನೋವಾಯ್ತು" ಅಂದಳು. ಆ ಪಾದವನ್ನು ಮಡಿಲಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.